ಅನ್ನ ಹೆಚ್ಚಿದೆ

ಕೊಟ್ಟಿಗೆಹಾರ
14 ಸೆಪ್ಟೆಂಬರ್ 2025

ರಾಮಮ್ಮಕ್ಕನಿಗೆ ಸುಕನ್ಯಾಳ ನಮಸ್ಕಾರಗಳು.

ನೀವು ಅವತ್ತು ಚೀಟಿ ಬರೆದಿದ್ದಿರಿ. ಅದು ನನ್ನ ಕೈಗೆ ಸಿಕ್ಕಿತ್ತು. ಹದಿಮೂರು ತಿಂಗಳಿಂದ ನನ್ನ ಹತ್ತಿರವೇ ಇದೆ.

ಫೋನ್ ಮಾಡಿ ಹೇಳೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ. ಕೇಳುತ್ತಿದ್ದರೂ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ನಿಮಗೆ ಗೊತ್ತಿರುವ ಸಂಗತಿಯನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಕ್ರಮವಾಗಿ ಬರೆಯದಿದ್ದರೆ ನನಗೆ ಅನುಕೂಲವಾದ ಕಡೆ ಜಾರಿಕೊಂಡುಬಿಡುತ್ತೇನೆ.

ಹೋದ ವರ್ಷ ಆಗಸ್ಟಿನಲ್ಲಿ ಗುಡ್ಡ ಜರಿದು ಎಸ್ಟೇಟ್ ಲೈನುಮನೆಗಳ ಕೂಲಿಯವರನ್ನು ಶಾಲೆಯಲ್ಲಿ ಇರಿಸಿದ್ದರು. ಘಾಟಿ ಬಂದ್ ಆಗಿತ್ತು. ಗಿರಾಕಿಗಳಿಲ್ಲದೆ ನಮ್ಮೂರಿನ ನಾಲ್ಕು ಹೋಟೆಲಿನಲ್ಲೂ ಜೊಹರಾ ಅಮ್ಮನ ಬೇಕರಿಯಲ್ಲೂ ಮಾಡಿದ್ದು ಮಾಡಿದ ಹಾಗೇ ಉಳಿಯುತ್ತಿತ್ತು. ಉಳಿದದ್ದನ್ನು ಡ್ರಮ್ಮಿಗೆ ಸುರಿಯುವುದು ಬೇಡ, ಮರುದಿನದ ಹಿಟ್ಟನ್ನು ಐದೂ ಜನ ಮಾತಾಡಿಕೊಂಡೇ ರುಬ್ಬೋಣ, ಉಳಿದರೆ ಬೇಕಾದವರಿಗೆ ಕಳಿಸೋಣ ಎಂದು ಆ ಐವರು ಮಾಲೀಕರು ಅದಕ್ಕೂ ಆರು ತಿಂಗಳ ಮೊದಲೇ ಬೇಕರಿಯ ಬೆಂಚಿನ ಮೇಲೆ ಕೂತು ಒಪ್ಪಿಕೊಂಡಿದ್ದರು. ಸಹಿ ಇಲ್ಲ, ಯಾವ ಆಫೀಸಿನ ಆದೇಶವೂ ಇಲ್ಲ. ಎಲ್ಲ ಕಡೆ ಹೋಗಿ ಪಾತ್ರೆ ಇಣುಕಿ ಪುಸ್ತಕದಲ್ಲಿ ಬರೆಯುವ ಕೆಲಸ ನನ್ನದಾಯಿತು. ಹತ್ತನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟು, ಮೂರು ಕಡೆ ಕೆಲಸಕ್ಕೆ ಸೇರಿ ಮೂರೂ ಕಡೆ ನಿಲ್ಲದವಳ ಕೈಗೆ ಮೊದಲ ಸಲ ಒಂದು ಪುಸ್ತಕ, ಪಾತ್ರೆ ಇಡುವ ಕೋಣೆಯ ಬೀಗದ ಕೈ ಬಂದಿತ್ತು.

ಅವತ್ತು ಮಧ್ಯಾಹ್ನ ಮೊದಲ ಅನ್ನದ ಪಾತ್ರೆ ಶಾಲೆಗೆ ಹೋಯಿತು, ಬಡಿಸಲು ಜೊತೆಗೆ ನೀವೂ ಹೋದಿರಿ. ಎರಡನೆಯದು ಬೇಕರಿಯ ಹಿಂದೆ ತಯಾರಾಗಿತ್ತು. ಪಾತ್ರೆ ಸಾಗಿಸುವ ಫಯಾಜ್ ಆಟೋದಲ್ಲಿ ಶಾಲೆಯಿಂದ ಮಜ್ಜಿಗೆಯ ಖಾಲಿ ಕ್ಯಾನು ತಂದ. ಮುಚ್ಚಳದೊಳಗೆ ನಿಮ್ಮ ಚೀಟಿ ಇತ್ತು. ಅವನಿಗೆ ಅದು ಗೊತ್ತಿರಲಿಲ್ಲ. 'ಅನ್ನ ಹೆಚ್ಚಿದೆ. ಸಾರು ಇದೆ. ರಾಮಮ್ಮ' ಎಂದು ಬರೆದಿದ್ದಿರಿ. ಅನ್ನ ಹೆಚ್ಚಿದೆ ಎಂದರೆ ಜಾಸ್ತಿಯಾಗಿದೆ ಎಂದು ನಾನು ಓದಿಕೊಂಡೆ. ಎರಡನೇ ಪಾತ್ರೆಯನ್ನು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದಿದ್ದ ಲಾರಿಯವರಿಗೆ ಕಳಿಸಿದೆ.

ಮುಂದಿನದು ನಿಮಗೇ ಹೆಚ್ಚು ಗೊತ್ತು. ಮಕ್ಕಳು ಉಂಡಿದ್ದರು. ದೊಡ್ಡವರು ಸಾರಿನ ಮುಂದೆ ಕೂತು ನಾಲ್ಕು ಗಂಟೆಯವರೆಗೆ ಕಾದರು. ಕರೆಂಟಿಲ್ಲ, ಫೋನಿಲ್ಲ, ಆಟೋ ಬಂದ ಮೇಲೆ ದಾರಿಯಲ್ಲಿ ಮರ ಬಿದ್ದಿತ್ತು. ಸಕ್ಕರೆ ಕಾಯಿಲೆಯ ಚೌಡಯ್ಯಜ್ಜ ಮಾತ್ರೆ ನುಂಗಿ ಊಟಕ್ಕೆ ಕಾಯುತ್ತಾ ಕೂತಲ್ಲೇ ಬಿದ್ದರು. ಮೂಡಿಗೆರೆ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು.

ಜಯಪ್ರಕಾಶಣ್ಣ ಎಲ್ಲರ ಎದುರಿಗೆ ನಿಮ್ಮನ್ನು ಕೇಳಿದಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. "ಚೀಟಿ ಬರೆದಿದ್ದೆ" ಎಂದಿರಿ. ಫಯಾಜ್ "ನನ್ ಕೈಗೆ ಕೊಟ್ಟಿಲ್ಲ" ಎಂದ. "ಮರೆವು ಬಂದಿದೆ ರಾಮಮ್ಮ, ಸಾಕಿನ್ನು ರೆಸ್ಟ್ ತಗಳಿ" ಎಂದರು ಜಯಪ್ರಕಾಶಣ್ಣ. ಅವರ ಹೋಟೆಲಿನ ಒಲೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತವರು ನೀವು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದಿರಿ. ನಾನು ಚೀಟಿ ಹೊರಗೆ ತೆಗೆಯಲಿಲ್ಲ. ಚೀಟಿ ತೋರಿಸಿದರೆ ನೀವು ತಪ್ಪು ಬರೆದದ್ದು ಸಾಬೀತಾಗುತ್ತದೆ, ಅದಕ್ಕಿಂತ ಮರೆತಿರಿ ಎಂದೇ ಇರಲಿ ಎಂದುಕೊಂಡೆ. ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಹೋದ ವಾರ ಪಕ್ಕದ ದಿನಸಿ ಅಂಗಡಿಯಲ್ಲಿ ಒಬ್ಬ ಅಜ್ಜಿ "ಸಕ್ರೆ ಹೆಚ್ಚಿದೆ, ಒಂದ್ ಕಿಲೋ ಕಟ್ಟು" ಎಂದರು. ನನಗೆ ನಗು ಬಂತು. "ಹೆಚ್ಚಿದ್ರೆ ಯಾಕಜ್ಜಿ ಮತ್ತೆ ತಗಳ್ತೀರಿ?" ಎಂದೆ. "ಯಾವೂರ್ ಹುಡುಗಿ ನೀನು? ಸಕ್ರೆ, ಅಕ್ಕಿ, ಉಪ್ಪು ಮುಗೀತು ಅಂತಾರಾ ಯಾರಾದ್ರೂ? ಹೆಚ್ಚಿದೆ ಅನ್ನಬೇಕು" ಎಂದರು.

ನಮ್ಮಪ್ಪ ಅಮ್ಮ ಕೂಲಿಗೆ ಬಯಲುಸೀಮೆಯಿಂದ ಬಂದವರು. ನಮ್ಮ ಮನೆಯಲ್ಲಿ ಖಾಲಿಯಾದರೆ ಖಾಲಿ ಎನ್ನುತ್ತೇವೆ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ. ಅಷ್ಟಕ್ಕೆ ಮುಗಿಯುವುದಲ್ಲ.

ಸುಕನ್ಯಾ


ಕಳಸ
2 ಅಕ್ಟೋಬರ್ 2025

ಸುಕನ್ಯಾಳಿಗೆ ರಾಮಮ್ಮ ಬರೆಯುವುದು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಮೂರು ಸಲ ಓದಿದೆ. ನನ್ನದು ನಾಲ್ಕನೇ ಇಯತ್ತೆ, ಅಕ್ಷರ ಸೊಟ್ಟ. ಸುಧಾರಿಸಿಕೊಂಡು ಓದಿಕೋ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕಿ ಇಲ್ಲ ಎಂದು ಒಂದು ಸಲ ಅಂದಿದ್ದೆ. ಅತ್ತೆ ಸೌಟಿನಲ್ಲೇ ಕೊಟ್ಟರು. ಅನ್ನದ ಪಾತ್ರೆಯ ಮುಂದೆ ನಿಂತು ಇಲ್ಲ ಅನ್ನಬಾರದು, ಹೆಚ್ಚಿದೆ ಅನ್ನಬೇಕು ಎಂದರು. ಅವತ್ತಿನಿಂದ ಬೇರೆ ಮಾತು ನನ್ನ ಬಾಯಿಗೆ ಬಂದಿಲ್ಲ. ಅವತ್ತು ಪಾತ್ರೆ ತಳ ಕಾಣುತ್ತಿತ್ತು. ಚೀಟಿ ಕಳಿಸಿದ್ದೇನೆ, ಈಗ ಬರುತ್ತದೆ, ಆಗ ಬರುತ್ತದೆ ಎಂದು ಅಷ್ಟೂ ಜನರಿಗೆ ಹೇಳುತ್ತಾ ಬಾಗಿಲಲ್ಲೇ ನಿಂತಿದ್ದೆ.

ನಿನ್ನ ಮೇಲೆ ಸಿಟ್ಟು ಬಂತಾ ಎಂದರೆ ಬಂತು. ಆದರೆ ಮೊದಲು ಬಂದದ್ದು ಅದಲ್ಲ.

ಇಲ್ಲಿ ಮಗಳು ಪ್ರೇಮಕುಮಾರಿಯ ಮನೆಯಲ್ಲಿದ್ದೇನೆ. ಆ ಸುದ್ದಿ ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಅಮ್ಮನಿಗೆ ಮರೆವು, ನಲವತ್ತು ಜನರ ಊಟವನ್ನೇ ಮರೆತಳು ಎಂದು. ಅವಳು ಕೆಟ್ಟವಳಲ್ಲ, ಹೆದರಿಕೆ. ಗ್ಯಾಸಿನ ಲೈಟರ್ ಬೀರುವಿನಲ್ಲಿ ಇಟ್ಟಿದ್ದಾಳೆ. ನನಗೆ ಒಲೆ ಹಚ್ಚಲು ಬಿಡುವುದಿಲ್ಲ. ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಇವತ್ತು ಯಾವ ವಾರ, ನೂರರಿಂದ ಏಳು ಏಳು ಕಳೆಯುತ್ತಾ ಬನ್ನಿ ಎಂದರು. ಅರ್ಧ ಮಾತು ನನಗೆ ಕೇಳಿಸಲಿಲ್ಲ. ಮಾತ್ರೆ ಬರೆದರು. ಮಾತ್ರೆ ತೆಗೆದುಕೊಂಡರೆ ದಿನವಿಡೀ ಮಂಪರು.

ಒಂದು ವರ್ಷ ಎಲ್ಲರೂ ಹೇಳಿ ಹೇಳಿ, ನಾನು ಚೀಟಿ ಬರೆಯಲೇ ಇಲ್ಲವೇನೋ, ಬರೆದ ಹಾಗೆ ಕನಸು ಕಂಡೆನೇನೋ ಎಂದು ನಾನೇ ನಂಬಿಬಿಟ್ಟಿದ್ದೆ. ನಿನ್ನ ಪತ್ರದ ಮೊದಲ ಸಾಲು ಓದಿದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನನಗೆ ಕೆಲಸ ಬೇಡ. ನನಗೆ ಮರೆವು ಎಂದವರ ಎದುರಿಗೇ ನೀನು ನಿಜ ಹೇಳಬೇಕು. ಆಮೇಲೆ ಚೀಟಿ ನನಗೆ ಕಳಿಸು.

ರಾಮಮ್ಮ


ಕೊಟ್ಟಿಗೆಹಾರ
19 ಅಕ್ಟೋಬರ್ 2025

ರಾಮಮ್ಮಕ್ಕನಿಗೆ ನಮಸ್ಕಾರಗಳು.

ಮೊದಲ ಪತ್ರದಲ್ಲಿ ಒಂದು ತಿದ್ದುಪಡಿ ಇದೆ. ನಿಮ್ಮನ್ನು ಕಾಪಾಡಲು ಚೀಟಿ ಮುಚ್ಚಿಟ್ಟೆ ಎಂದು ಬರೆದಿದ್ದೆ. ಅದು ಅರ್ಧ ನಿಜ. ಎರಡನೇ ಪಾತ್ರೆ ತಿರುಗಿಸಿ ಕಳಿಸುವ ಮೊದಲು ಶಾಲೆಗೆ ಹೋಗಿ ಒಂದು ಸಲ ಕೇಳಿ ಬರಬಹುದಿತ್ತು, ಹೋಗಲಿಲ್ಲ. ಚೀಟಿ ತೋರಿಸಿದರೆ ಅದೂ ಹೊರಗೆ ಬರುತ್ತಿತ್ತು. 'ಶಾಲೆ ಬಿಟ್ಟವಳ ಕೈಗೆ ಪುಸ್ತಕ ಕೊಟ್ಟರೆ ಇನ್ನೇನಾಗುತ್ತದೆ' ಎಂಬ ಮಾತು ಬರುತ್ತಿತ್ತು. ಬೀಗದ ಕೈ ಹೋಗುತ್ತಿತ್ತು. ಈ ಅರ್ಧವನ್ನು ಬಿಟ್ಟು ಬರೆದದ್ದಕ್ಕೆ ಐದು ವಾರ ಸರಿಯಾಗಿ ನಿದ್ದೆ ಇಲ್ಲ.

ನಾನು ಯಾರ ಮುಖ ನೋಡಿಯೂ ಸುಳ್ಳು ಹೇಳುವವಳಲ್ಲ ಎಂದು ಊರಿಗೆಲ್ಲ ಗೊತ್ತು. ಹೋಂಸ್ಟೇಯವರ ಕೆಲಸ ಬಿಟ್ಟದ್ದೂ ನಿನ್ನೆಯ ಕೋಳಿಸಾರನ್ನು ಇವತ್ತಿನದು ಎಂದು ಹೇಳಲು ಒಪ್ಪದೆ. ಅಂಥವಳು ಬಾಯಿ ಮುಚ್ಚಿಕೊಂಡಿದ್ದರೂ ಜನ ಅದನ್ನೇ ನಿಜ ಎಂದುಕೊಳ್ಳುತ್ತಾರೆ ಎಂದು ಆಗ ಹೊಳೆಯಲಿಲ್ಲ.

ನವೆಂಬರ್ 20ಕ್ಕೆ ಚಿಕ್ಕಮಗಳೂರಿನಿಂದ ಕೆಲವು ಹೋಟೆಲಿನವರು ನಮ್ಮ ಈ ವ್ಯವಸ್ಥೆ ನೋಡಲು ಬರುತ್ತಾರಂತೆ. ಅವರೂ ಶುರು ಮಾಡಬೇಕು ಎಂದಿದ್ದಾರಂತೆ. ಪುಸ್ತಕ ಓದಿ ಹೇಳು ಎಂದು ಜಯಪ್ರಕಾಶಣ್ಣ ನನಗೇ ಹೇಳಿದ್ದಾರೆ. ಅವತ್ತು ಐದೂ ಜನ ಇರುತ್ತಾರೆ. ಅವತ್ತೇ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ಅವರಿಗೆ ತೋರಿಸಲು ಇಲ್ಲಿ ಹೆಚ್ಚೇನೂ ಉಳಿದಿಲ್ಲ. ಐವರಲ್ಲಿ ಇಬ್ಬರು ಪಾತ್ರೆಯ ಮುಚ್ಚಳ ತೆಗೆಯಲು ಬಿಡುವುದಿಲ್ಲ. "ನಮ್ಮಲ್ಲಿ ಏನೂ ಉಳಿದಿಲ್ಲ, ಮುಂದೆ ಹೋಗು" ಎನ್ನುತ್ತಾರೆ. ಉಳಿದಿದೆ ಎಂದರೆ ವ್ಯಾಪಾರವಿಲ್ಲ ಎಂದಾಗುತ್ತದಲ್ಲ, ಆ ನಾಚಿಕೆ. ಹಿಂದಿನ ಚರಂಡಿಯಲ್ಲಿ ಇಡ್ಲಿ ತೇಲುತ್ತಿರುತ್ತದೆ. ಜೊಹರಾ ಅಮ್ಮ ಮಾತ್ರ ಬನ್ನು ಎಣಿಸಿ ಇಟ್ಟುಕೊಂಡು ಕಾಯುತ್ತಾರೆ. ದಿನಾ ಐದು ಕಡೆ ಹೋಗಿ ಬಗ್ಗಿ ನೋಡಿ ನೋಡಿ ನನಗೂ ಸಾಕಾಗಿದೆ.

ಸುಕನ್ಯಾ


ಕಳಸ
3 ನವೆಂಬರ್ 2025

ಸುಕನ್ಯಾ,

ಇಪ್ಪತ್ತನೇ ತಾರೀಕು ಎಂದೆ. ಹದಿನೈದು ತಿಂಗಳು ಕಾದವಳಿಗೆ ಇನ್ನು ಹದಿನೇಳು ದಿನ ದೊಡ್ಡದಲ್ಲ. ಆದರೆ ಆ ದಿನ ಬಂದಾಗ ಇನ್ನೊಂದು ದಿನ ಎನ್ನಬೇಡ.

ನಿನ್ನೆ ಹಾಲು ಉಕ್ಕಿತು. ಉಕ್ಕಿಸಿದವಳು ಪ್ರೇಮ. ನಾನು ಹೊರಗೆ ಬಟ್ಟೆ ಹರವುತ್ತಿದ್ದೆ. ಅಳಿಯ ಬಂದು ವಾಸನೆ ನೋಡಿ ನನ್ನ ಮುಖ ನೋಡಿದ.

ಡಿಸೆಂಬರ್ 22ಕ್ಕೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಮಾತ್ರೆ ಜಾಸ್ತಿ ಮಾಡಬಹುದು ಎಂದು ಮಗಳು ಹೇಳುತ್ತಾಳೆ. ನನ್ನ ಎದುರಿಗಲ್ಲ, ಫೋನಿನಲ್ಲಿ ಗಂಡನಿಗೆ. ನನಗೆ ಕಿವಿ ಕೇಳದಿದ್ದರೂ ತುಟಿ ನೋಡಿದರೆ ಗೊತ್ತಾಗುತ್ತದೆ ಎಂಬುದು ಅವಳಿಗೆ ನೆನಪಿಲ್ಲ. ಮರೆವು ಯಾರಿಗೆ ಮಾರಾಯ್ತಿ?

ಮುಚ್ಚಳ ತೆಗೆಯಲು ಬಿಡದವರ ವಿಷಯ. ನಾನಿದ್ದಾಗ ಉಳಿದಿದೆಯಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ನಾಳೆಗೆ ಎಷ್ಟು ಸೇರು ನೆನೆಹಾಕಲಿ ಎಂದು ಕೇಳುತ್ತಿದ್ದೆ. ನಿನ್ನೆ ಎಂಟು, ನಾಳೆಗೆ ಆರು ಸಾಕು ಎಂದರೆ ನನಗೆ ತಿಳಿಯುತ್ತಿತ್ತು. ಹಾಗೆ ಕೇಳಿ ನೋಡು.

ರಾಮಮ್ಮ


ಕೊಟ್ಟಿಗೆಹಾರ
23 ನವೆಂಬರ್ 2025

ರಾಮಮ್ಮಕ್ಕನಿಗೆ,

ಹೇಳಿದೆ.

ಚಿಕ್ಕಮಗಳೂರಿನಿಂದ ಆರು ಜನ ಬಂದಿದ್ದರು. ಬೇಕರಿಯ ಹಿಂದೆ ಕುರ್ಚಿ ಹಾಕಿದ್ದೆವು. ಹಿಟ್ಟಿನ ಲೆಕ್ಕ, ಕಡಿಮೆ ಉಣ್ಣುವವರಿಗೆ ಅರ್ಧ ಊಟ ಕೊಡುವ ಪದ್ಧತಿ, ಯಾತ್ರೆಯ ಬಸ್ಸುಗಳು ಎಷ್ಟು ಬರುತ್ತವೆಂದು ಚೆಕ್‌ಪೋಸ್ಟಿನಿಂದ ಮೊದಲೇ ಕೇಳಿಕೊಳ್ಳುವುದು, ಎಲ್ಲ ಓದಿ ಹೇಳಿದೆ. ಜಯಪ್ರಕಾಶಣ್ಣ "ಸಾಕು, ಕಾಫಿ ಕೊಡು" ಎಂದರು. "ಇನ್ನೊಂದಿದೆ" ಎಂದೆ.

ಚೀಟಿ ತೆಗೆದು ಅವರ ಕೈಗೇ ಕೊಟ್ಟೆ. ಎಲ್ಲಿಂದ ಬಂತು, ಯಾವಾಗ ಬಂತು, ಏನು ಮಾಡಿದೆ ಎಂದು ನಿಮಗೆ ಬರೆದ ಹಾಗೇ ಹೇಳಿದೆ. ಅರ್ಧ ನಿಜದ ಮಾತನ್ನೂ ಹೇಳಿದೆ.

ಜಯಪ್ರಕಾಶಣ್ಣ ಕನ್ನಡಕ ಹಾಕಿಕೊಂಡು ಓದಿದರು. "ಮುಗಿದಿದೆ ಅಂತ ಸರಿಯಾಗೇ ಬರ್ದಿದಾರಲ್ಲ" ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಓದಿದ ಕೂಡಲೇ ಅರ್ಥವಾಯಿತು ಅವರಿಗೆ.

"ಹೆಚ್ಚಿದೆ ಅಂದ್ರೆ ಜಾಸ್ತಿ ಅಲ್ವಾ?" ಎಂದ ಫಯಾಜ್.

"ಅಲ್ವೋ ಮಾರಾಯ. ನಮ್ಮವ್ವ ಸಾಯೋವರೆಗೂ ಹಿಂಗೇ ಅಂತಿದ್ಲು."

ರಾಮಮ್ಮಕ್ಕ, ಅವತ್ತೇ ಆ ಚೀಟಿಯನ್ನು ಅವರ ಮುಂದೆ ಇಟ್ಟಿದ್ದರೆ ಒಂದು ನಿಮಿಷದಲ್ಲಿ ನಿಮ್ಮ ಹೆಸರು ಉಳಿಯುತ್ತಿತ್ತು. ನಾನು ನಿಮ್ಮನ್ನು ಯಾರಿಂದ ಕಾಪಾಡಿದೆನೋ ಅವರಿಗೆಲ್ಲ ನಿಮ್ಮ ಮಾತು ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಚಿಕ್ಕಮಗಳೂರಿನವರಲ್ಲಿ ಒಬ್ಬರು ನಕ್ಕುಬಿಟ್ಟರು. ಜೊಹರಾ ಅಮ್ಮ ಅವರ ಕಡೆ ತಿರುಗಿ, "ನಗಬೇಡಿ ಸಾರ್. ಆ ಹೆಂಗಸು ಇಪ್ಪತ್ತೆರಡು ವರ್ಷ ಇಲ್ಲಿ ಬೇಯಿಸಿದಾಳೆ, ಒಂದ್ ದಿನ ಅನ್ನ ಸೀದಿಲ್ಲ" ಎಂದರು. ಆಮೇಲೆ ಯಾರೂ ನಗಲಿಲ್ಲ. ಇನ್ನೊಬ್ಬರು, "ಆಮೇಲೆ ಏನು ರೂಲ್ಸ್ ಮಾಡಿದ್ರಿ?" ಎಂದು ಪೆನ್ನು ಹಿಡಿದು ಕೇಳಿದರು. ಏನೂ ಮಾಡಿರಲಿಲ್ಲ. ರಾಮಮ್ಮನನ್ನು ಕಳಿಸಿದೆವು, ಅಷ್ಟೇ ಎಂದೆ. ಅವರು ಅದನ್ನೂ ಬರೆದುಕೊಂಡರು.

ಅವರು ಹೋದ ಮೇಲೆ ಜಯಪ್ರಕಾಶಣ್ಣ, "ಇವತ್ತೇ ಹೇಳ್ಬೇಕಿತ್ತಾ? ನಮ್ಮ ಮನೆ ವಿಷಯ ನಾಲ್ಕು ಗೋಡೆ ಒಳಗೆ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು. ಅವರ ಕುತ್ತಿಗೆ ಕೆಂಪಾಗಿತ್ತು. ಆಮೇಲೆ ಬೇರೆ ಕಡೆ ನೋಡುತ್ತಾ, "ರಾಮಮ್ಮಂಗೆ ತಿಳಿಸು, ಬರೋದಾದ್ರೆ ಬರಬಹುದು" ಎಂದರು. ಪುಸ್ತಕ, ಬೀಗದ ಕೈ ಇಸಿದುಕೊಂಡರು. ಈಗ ಆ ಕೆಲಸ ಫಯಾಜ್‌ನದು. ನಾನು ಜಯಪ್ರಕಾಶಣ್ಣನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೇನೆ. ಇದು ನ್ಯಾಯವೇ. ದೂರುತ್ತಿಲ್ಲ.

ನೀವು ಹೇಳಿದ ಹಾಗೆ ಕೇಳಲು ಫಯಾಜ್‌ಗೆ ಹೇಳಿಕೊಟ್ಟಿದ್ದೇನೆ. ಮುಚ್ಚಳ ತೆಗೆಯಲು ಬಿಡದ ಇಬ್ಬರಲ್ಲಿ ಒಬ್ಬರು ನಿನ್ನೆ "ನಾಳೆಗೆ ಐದು ಸೇರು ಸಾಕು" ಎಂದರಂತೆ.

ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮಜ್ಜಿಗೆಯ ಕಲೆ ಅವತ್ತಿನದೇ.

ಸುಕನ್ಯಾ


ಕಳಸ
8 ಡಿಸೆಂಬರ್ 2025

ಸುಕನ್ಯಾಳಿಗೆ,

ಚೀಟಿ ಬಂತು. ನನ್ನದೇ ಅಕ್ಷರ. ಎಷ್ಟೋ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಸಂಜೆ ಪ್ರೇಮಳಿಗೆ ತೋರಿಸಿದೆ. ನಿನ್ನ ಪತ್ರವನ್ನೂ ಕೊಟ್ಟೆ. ಪತ್ರ ಪೂರ್ತಿ ಓದಿದಳು. ಚೀಟಿಯನ್ನು ತಿರುಗಿಸಿ ನೋಡಿದಳು. ನನ್ನ ಕಿವಿಯ ಹತ್ತಿರ ಬಂದು ಜೋರಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು: "ಅಮ್ಮಾ, ಇದು ನಿನ್ ಅಕ್ಷರಾನೇ. ನೀನೇ ಈಗ ಬರ್ದಿರೋದು. ಪಾಪ, ಯಾರೋ ನಿನ್ನ ಸಮಾಧಾನಕ್ಕೆ ಪತ್ರ ಬರ್ದಿದಾರೆ. ಆಯ್ತು, ಇಟ್ಕೋ."

ನನ್ನ ಅಕ್ಷರ ಅವತ್ತಿನದೇ ಎಂದು ಹೇಳುವುದಕ್ಕೆ ನಾನಲ್ಲದೆ ಬೇರೆಯವರು ಬೇಕು. ಇದನ್ನು ನಾನು ಯೋಚಿಸಿರಲಿಲ್ಲ.

ನಾನು ರೇಗಿದೆ. ಲೋಟ ಕೆಳಗೆ ಬಿತ್ತು. ರೇಗುವುದೂ ಆ ಕಾಯಿಲೆಯ ಲಕ್ಷಣವಂತೆ, ಡಾಕ್ಟರು ಮೊದಲೇ ಹೇಳಿದ್ದರಂತೆ. ಆಮೇಲೆ ಲೋಟ ಎತ್ತಿಟ್ಟು ನೆಲ ಒರೆಸಿದೆ.

ನಾನು ಬರಬಹುದು ಎಂದು ಜಯಪ್ರಕಾಶ ಹೇಳಿಸಿದ್ದು ನಿನ್ನ ಬಾಯಲ್ಲಿ. ಮರೆವು ಎಂದದ್ದು ಅವರದೇ ಬಾಯಲ್ಲಿ. ನನಗೆ ಅಲ್ಲಿಗೆ ಬರಲು ಮನಸ್ಸಿಲ್ಲ. ಮೊಣಕಾಲೂ ಬಿಡುವುದಿಲ್ಲ. ಆದರೆ ನನ್ನ ಮಗಳ ಮನೆಯಲ್ಲಿ ಒಂದು ಲೋಟ ಕಾಫಿಯನ್ನು ನಾನೇ ಕಾಯಿಸಿಕೊಂಡು ಕುಡಿಯಬೇಕು.

22ನೇ ತಾರೀಕು ಹತ್ತಿರ ಬಂತು. ಕೊಟ್ಟಿಗೆಹಾರದಿಂದ ಕಳಸಕ್ಕೆ ಬೆಳಗ್ಗೆ ಬಸ್ಸಿದೆ ಎಂದು ನಿನಗೂ ಗೊತ್ತು. ನಾನು ಬಾ ಎನ್ನುತ್ತಿಲ್ಲ.

ರಾಮಮ್ಮ


ಕೊಟ್ಟಿಗೆಹಾರ
19 ಡಿಸೆಂಬರ್ 2025

ರಾಮಮ್ಮಕ್ಕನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದದ್ದು ಮೊನ್ನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು, ಕಳಸದ ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಕೊಡಿ ಎಂದು ಹೇಳುತ್ತೇನೆ. ನೀವು ದಿನಾ ಅಲ್ಲಿಗೆ ಹೂವಿಗೆ ಹೋಗುತ್ತೀರಿ ಎಂದು ಹಿಂದೆ ಫಯಾಜ್‌ಗೆ ಯಾರೋ ಹೇಳಿದ್ದರು.

ಈ ವಾರ ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಶಾಲಾ ಪ್ರವಾಸದ ಬಸ್ಸುಗಳು, ಧರ್ಮಸ್ಥಳಕ್ಕೆ ಹೋಗುವವರು, ಹೋಂಸ್ಟೇಯವರು. ತಟ್ಟೆ ತೊಳೆದು ತೊಳೆದು ಬೆರಳ ಸಂದಿ ಬಿಳಿಚಿಕೊಂಡಿದೆ. ಜನ ತಟ್ಟೆಯಲ್ಲಿ ಎಷ್ಟು ಬಿಡುತ್ತಾರೆ ಎಂದು ಪುಸ್ತಕ ಬರೆಯುವಾಗ ನನಗೆ ತಿಳಿದಿರಲಿಲ್ಲ. ತೊಳೆಯುವಾಗ ತಿಳಿಯುತ್ತದೆ. ಪಾತ್ರೆಯಲ್ಲಿ ಉಳಿದದ್ದನ್ನು ಐದು ಜನ ಕೂಡಿ ತಡೆಯಬಹುದು, ತಟ್ಟೆಯಲ್ಲಿ ಬಿಟ್ಟದ್ದಕ್ಕೆ ಏನು ಮಾಡುವುದೋ ಗೊತ್ತಿಲ್ಲ. ಫಯಾಜ್ ಪುಸ್ತಕ ಬರೆಯುತ್ತಿದ್ದಾನೆ. ಅವನ ಅಕ್ಷರ ನಿಮ್ಮದಕ್ಕಿಂತ ಸೊಟ್ಟ. ಇದೆ, ಇಲ್ಲ, ಹೆಚ್ಚು, ಕಡಿಮೆ ಎಂಬ ಮಾತೇ ಬೇಡ, ಎಷ್ಟು ಸೇರು ಎಂದಷ್ಟೇ ಬರೆಯಬೇಕು ಎಂದು ಐದೂ ಜನ ಸೇರಿ ತೀರ್ಮಾನ ಮಾಡಿದ್ದಾರೆ. ಚಿಕ್ಕಮಗಳೂರಿನವರೂ ಶುರು ಮಾಡಿದರಂತೆ. ಇದು ನಡೆಯುತ್ತದೆ ಎಂದು ನಾನು ಹೇಳಲಾರೆ. ಇವತ್ತು ನಡೆಯುತ್ತಿದೆ.

ಬೆಳಗ್ಗೆ ಜಯಪ್ರಕಾಶಣ್ಣನನ್ನು ಮೂರು ದಿನ ರಜೆ ಕೇಳಿದೆ.

"ಈ ವಾರಾನಾ? ತಲೆ ಕೆಟ್ಟಿದೆಯಾ ನಿಂಗೆ?"

ಯಾಕೆ ಎಂದು ಹೇಳಿದೆ. ಸೌಟು ಕೆಳಗಿಟ್ಟರು. "ಈ ವಾರ ಹೋದ್ರೆ ವಾಪಸ್ ಬರೋದ್ ಬೇಡ" ಎಂದರು. ಆಯ್ತು ಎಂದೆ. ನಾನು ಆಯ್ತು ಎನ್ನುತ್ತೇನೆ ಎಂದು ಅವರು ಅಂದುಕೊಂಡಿರಲಿಲ್ಲ ಎನಿಸುತ್ತದೆ. ನೀವೂ ಬನ್ನಿ ಅಣ್ಣ, ಮರೆವು ಎಂದವರು ನೀವಲ್ವಾ ಎಂದು ಕೇಳಿಯೂಬಿಟ್ಟೆ. "ಹೋಟ್ಲು ಯಾರು ನೋಡ್ತಾರೆ?" ಎಂದು ಒಳಗೆ ಹೋದರು. ಬರಲಾರರು. ಅವರ ಬಗ್ಗೆ ನಿಮಗೆ ಆಸೆ ಹುಟ್ಟಿಸುವುದಿಲ್ಲ.

ಪ್ರೇಮಕ್ಕನಿಗೆ ಏನು ಹೇಳಬೇಕು ಎಂದು ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ. ಅವರು ನನ್ನನ್ನೂ ನಂಬದೇ ಇರಬಹುದು. ಅಮ್ಮ ಯಾರನ್ನೋ ಕರೆಸಿಕೊಂಡಿದ್ದಾಳೆ ಎನ್ನಬಹುದು. ಬಾಗಿಲಲ್ಲೇ ನಿಲ್ಲಿಸಿ ಬೈಯಬಹುದು. ಬೈದರೆ ಬೈಸಿಕೊಳ್ಳುತ್ತೇನೆ, ನಿಂತೇ ಇರುತ್ತೇನೆ. ನಂಬುವವರೆಗೆ ಮತ್ತೆ ಮತ್ತೆ ಹೇಳುತ್ತೇನೆ. 22ಕ್ಕೆ ಡಾಕ್ಟರ ಹತ್ತಿರ ನನ್ನನ್ನೂ ಕರೆದುಕೊಂಡು ಹೋದರೆ ಅವರ ಎದುರಿಗೂ ಹೇಳುತ್ತೇನೆ. ನಿಮಗೆ ಕೇಳಿಸದ ಪ್ರಶ್ನೆಗಳನ್ನು ಬರೆದು ತೋರಿಸುತ್ತೇನೆ.

ಚೌಡಯ್ಯಜ್ಜನ ಹತ್ತಿರವೂ ಹೋಗಿದ್ದೆ. ಈಗ ಲೈನಿನ ಹೊಸ ಮನೆಯಲ್ಲಿದ್ದಾರೆ. ಹಸಿವಿನಿಂದ ಬಿದ್ದದ್ದು ನನ್ನಿಂದ ಎಂದು ಹೇಳಿದೆ. ಅವರು ಪಕ್ಕದಲ್ಲಿ ಕೂರಲು ಹೇಳಿ, "ಊಟ ಆಯ್ತಾ?" ಎಂದು ಕೇಳಿದರು. ಅಳಬಾರದು ಎಂದುಕೊಂಡು ಹೋಗಿದ್ದೆ.

ಕತ್ತಲಾಗುವ ಮೊದಲು ಇದನ್ನು ಬಸ್ಸಿಗೆ ಕೊಡಬೇಕು. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ಸುಕನ್ಯಾ